ಇಂಜೆರಾ ಮೀಮಾಂಸೆ: ಕಚೇರಿ ಸಹಭೋಜನದ ಬಹುಮುಖೀ ನೆಲೆಗಳು

ವಾಷಿಂಗ್ಟನ್ನಿಗೆ ಅಂಟಿಕೊಂಡಿರುವ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಶುಕ್ರವಾರ ಮಧ್ಯಾಹ್ನ ಎಂಟು ಜನ ಸಾಫ್ಟ್‌ವೇರ್ ನೌಕರರು ಇಥಿಯೋಪಿಯನ್ ಹೋಟೆಲಿಗೆ ಹೋದರೆ ಸಾಮಾನ್ಯರು ಅದನ್ನು ‘ಊಟಕ್ಕೆ ಹೋದರು’ ಎನ್ನುತ್ತಾರೆ. ವಿದ್ವತ್ ವಲಯದಲ್ಲಿ ಹಾಗೆ ಅನ್ನುವಂತಿಲ್ಲ. ಅದು ಅನ್ಯದೊಂದಿಗಿನ ಜಿಹ್ವಾಕೇಂದ್ರಿತ ಅನುಸಂಧಾನ. ವಸಾಹತೋತ್ತರ ಹಸಿವಿನ ಪುನರ್ನಿರ್ವಚನ. ತಟ್ಟೆಯನ್ನು ಪಠ್ಯವಾಗಿಯೂ ಪಠ್ಯವನ್ನು ಪಲ್ಯವಾಗಿಯೂ ಓದಿಕೊಳ್ಳುವ ಸಂಕೀರ್ಣ ಸಂಕಥನ. ‘ಆಹಾರ ಮತ್ತು ಅಸ್ಮಿತೆ’ಯಂಥ ವಿಚಾರ ಸಂಕಿರಣದಲ್ಲಿ ಕೂತು, ಅಧ್ಯಕ್ಷರ ಭಾಷಣ ಮುಗಿಯದೆ ಮಧ್ಯಾಹ್ನದ ಊಟ ಮೂರು ಗಂಟೆಗೆ ಜಾರಿದ್ದನ್ನು ಸಹಿಸಿಕೊಂಡ ಯಾರಿಗೂ ಈ ಭಾಷೆ ಹೊಸದಲ್ಲ.

ಮೊದಲು ಆಕರದ ಸ್ವರೂಪ. ಅಗಲವಾದ ತಟ್ಟೆಯ ತುಂಬ ಇಂಜೆರಾ ಹಾಸಿರುತ್ತದೆ. ಟೆಫ್ ಎಂಬ ಧಾನ್ಯದ ಹಿಟ್ಟಿನದು. ಕಾಳು ಒಂದು ಮಿಲಿಮೀಟರಿನ ಆಸುಪಾಸು. ಕಲಸಿದ ಹಿಟ್ಟು ಎರಡು ಮೂರು ದಿನ ಹುಳಿ ಬರಬೇಕು. ಆಮೇಲೆ ಅದರಲ್ಲೇ ಒಂದು ಪಾಲು ತೆಗೆದು, ನೀರಿನಲ್ಲಿ ಕುದಿಸಿ, ಮತ್ತೆ ಹಿಟ್ಟಿಗೆ ಬೆರೆಸುತ್ತಾರೆ, ಅದು ಅಬ್ಸಿತ್. ಮಿತಾದ್ ಎಂಬ ದೊಡ್ಡ ಕಾವಲಿಯ ಮೇಲೆ ಅಂಚಿನಿಂದ ನಡುವಿಗೆ ಸುತ್ತಿ ಹೊಯ್ದು ಮುಚ್ಚಳ ಮುಚ್ಚುತ್ತಾರೆ, ಮಗುಚಿ ಹಾಕುವುದಿಲ್ಲ. ಅದರ ಮೇಲೆ ಕೆಂಪು ಬೇಳೆಯ ಖಾರದ ಮಿಸಿರ್ ವೊಟ್, ಕಡಲೆಹಿಟ್ಟಿನ ಶಿರೋ, ಸೊಪ್ಪಿನ ಗೊಮೆನ್, ಕೋಸು ಕ್ಯಾರೆಟ್ ಆಲೂಗಡ್ಡೆಯ ಪಲ್ಯ. ಪಲ್ಯವನ್ನು ಹೊತ್ತಿರುವುದೂ ಇಂಜೆರಾ, ಅದನ್ನು ಬಾಚಿ ಬಾಯಿಗೆ ಒಯ್ಯುವುದೂ ಇಂಜೆರಾ. ಆಶಯ ಮತ್ತು ಆಕೃತಿ ಹೀಗೆ ಒಂದಾದ ಕೃತಿ ನಮ್ಮ ವಿಮರ್ಶಕರ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಸಹಭೋಜಿಗಳನ್ನು ಸ್ಥೂಲವಾಗಿ ಹದಿನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯವರು ದೋಸಾದ್ವೈತಿಗಳು. ಜಗತ್ತಿನಲ್ಲಿರುವುದು ದೋಸೆಯೊಂದೇ, ಉಳಿದದ್ದೆಲ್ಲ ಅದರ ವಿವರ್ತ ಎಂಬುದು ಇವರ ಸಿದ್ಧಾಂತ. ದಾವಣಗೆರೆ, ಮೈಸೂರು ಕಡೆಯವರಲ್ಲಿ ಈ ದರ್ಶನ ಪ್ರಬಲ. ‘ಇದು ಹುಳಿ ಜಾಸ್ತಿಯಾದ ಸೆಟ್ ದೋಸೆ ಕಣ್ರೀ, ಚಟ್ನಿ ಕೊಡಲ್ವಾ?’ ಎಂಬುದು ಮಹಾವಾಕ್ಯ.

ಎರಡನೆಯದು ಫೋರ್ಕ್ ಪಂಥ. ಇದರಲ್ಲೊಂದು ಉಪಪಂಥವಿದೆ: ಮನೆಯಲ್ಲಿ ಮೊಣಕೈವರೆಗೆ ಸಾರು ಸುರಿಸಿಕೊಂಡು ಉಣ್ಣುವವರು, ಮ್ಯಾನೇಜರ್ ಎದುರಿಗಿದ್ದಾಗ ಮಾತ್ರ ಫೋರ್ಕ್ ಕೇಳುವವರು. ಕೈಯಲ್ಲೇ ಉಣ್ಣುವ ನಾಡಿನ ಊಟದ ಮುಂದೆ ಕೂತು, ಕೈಯಲ್ಲಿ ಉಣ್ಣಲು ಗೊತ್ತಿರುವವರೇ ನಾಚಿಕೊಳ್ಳುವುದನ್ನು ಅರ್ಥೈಸಲು ಪ್ರಬಂಧಕಾರರ ಬಳಿ ಪರಿಭಾಷೆ ಸಾಲದು.

ಮೂರನೆಯವರು ಅಸಲಿತನ ಶೋಧಕರು. ಕಾರಿನಲ್ಲಿ ಬರುವಾಗ ಫೋನಿನಲ್ಲಿ ಓದಿದ್ದನ್ನು ಮೇಜಿನ ಮೇಲೆ ಪ್ರವಚನ ಮಾಡುವವರು. ‘ಇದು ಅಸಲಿ ಅಲ್ಲ, ಬಾರ್ಲಿ ಬೆರೆಸಿದ್ದಾರೆ.’ ಬೆರೆಸಿರಬಹುದು. ಅಮೆರಿಕದಲ್ಲಿ ಟೆಫ್ ದುಬಾರಿ. ಬಾರ್ಲಿಯೋ ಗೋಧಿಯೋ ಸೇರಿಸುವುದು ಹಳೆಯ ರೂಢಿ. ಊರು ಬಿಟ್ಟವರೆಲ್ಲ ಕೈಗೆ ಸಿಕ್ಕ ಹಿಟ್ಟಿನಲ್ಲೇ ಊರಿನ ರುಚಿ ಹುಡುಕುತ್ತಾರೆ. ಈ ಶೋಧಕರ ಮನೆಯ ಉದ್ದಿನವಡೆ ಏರ್ ಫ್ರೈಯರ್‌ನಲ್ಲಿ ಆಗುತ್ತದೆ ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

ನಾಲ್ಕನೆಯವರು ಮಾಂಸಶಂಕಿಗಳು, ಅಂದರೆ ಆಫ್ರಿಕಾದಲ್ಲಿ ಸಸ್ಯಾಹಾರ ಎಲ್ಲಿಂದ ಬರಬೇಕು ಎನ್ನುವವರು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಈಸ್ಟರ್‌ಗೆ ಮುಂಚೆ 55 ದಿನ. ಆಗ ಮಾಂಸವಷ್ಟೇ ಅಲ್ಲ, ಹಾಲು, ಬೆಣ್ಣೆ, ಮೊಟ್ಟೆಯೂ ವರ್ಜ್ಯ. ತುಪ್ಪವಿಲ್ಲದೆ ಅನ್ನ ಮುಟ್ಟದ ನಮ್ಮ ಮಡಿವಂತರು ಆ ನೇಮದ ಎದುರು ಬಾಯಿ ಬಿಡುವಂತಿಲ್ಲ.

ಐದರಿಂದ ಹದಿನಾಲ್ಕರವರೆಗಿನ ವರ್ಗಗಳನ್ನು ಕೈಬಿಡಲಾಗಿದೆ. ಊಟ ಬಂತು.

ಟೀಮ್ ಬಿಲ್ಡಿಂಗ್ ಎಂಬ ಶಾಸ್ತ್ರದ ಬಗ್ಗೆ ಒಂದು ಮಾತು. ಕಂಪನಿಗಳು ಇದಕ್ಕೆ ರೆಸಾರ್ಟ್ ಹಿಡಿದು, ಹಗ್ಗ ಎಳೆಸಿ, ಸ್ಲೈಡು ತೋರಿಸುತ್ತವೆ. ಇಥಿಯೋಪಿಯನ್ನರಲ್ಲಿ ಗುರ್ಶಾ ಎಂಬ ಪದ್ಧತಿಯಿದೆ: ತುತ್ತು ಸುತ್ತಿ ಪಕ್ಕದವರ ಬಾಯಿಗೆ ತಮ್ಮ ಕೈಯಾರೆ ಇಡುವುದು. ಸ್ಲೈಡಿನ ಅಗತ್ಯವಿಲ್ಲ. ಆದರೆ ಮ್ಯಾನೇಜರಿಗೆ ಗುರ್ಶಾ ಕೊಟ್ಟರೆ ಎಚ್‌ಆರ್ ನಿಯಮಾವಳಿಯ ಯಾವ ಕಲಂಗೆ ಬರುತ್ತದೆಂಬ ಚರ್ಚೆಯಲ್ಲಿ ಆ ತುತ್ತು ಆರಿಹೋಯಿತು.

ದೋಸಾದ್ವೈತಿಗಳಿಗೆ ಪ್ರಬಂಧಕಾರರ ಒಂದು ನಿವೇದನೆ: ನೆಂಟಸ್ತನ ಇರುವುದು ದೋಸೆಯ ಕಡೆಯಿಂದಲ್ಲ. ರಾಗಿ ಮೊದಲು ಬೆಳೆಯಾಗಿ ಪಳಗಿದ್ದು ಇಥಿಯೋಪಿಯಾ, ಉಗಾಂಡಾದ ಎತ್ತರದ ಸೀಮೆಯಲ್ಲಿ. ನಮ್ಮ ಹೊಲಗಳಿಗೆ ಬಂದದ್ದು ಆಮೇಲೆ. ಹುಚ್ಚೆಳ್ಳಿನ ತವರೂ ಇಥಿಯೋಪಿಯಾವೇ. ಕಾಫಿ ಅಲ್ಲಿನ ಕಾಡಿನಿಂದ ಯೆಮೆನ್‌ಗೆ ಹೋಗಿ, ಬಾಬಾಬುಡನ್‌ಗಿರಿಗೆ ಬಂತು. ಬಿಜಾಪುರದ ಮಹಮ್ಮದ್ ಆದಿಲ್ ಶಾಹನ ದರ್ಬಾರು ನಡೆಸಿದ ಇಖ್ಲಾಸ್ ಖಾನ್ ಹಬಶಿ, ಅಂದರೆ ಇಥಿಯೋಪಿಯಾ ಕಡೆಯ ಮೂಲದವನು. ಬೆಳಿಗ್ಗೆ ಫಿಲ್ಟರ್ ಕಾಫಿ ಕುಡಿದು, ಹಾಸನದ ಮನೆಯಲ್ಲಿ ಮುದ್ದೆಯ ಜೊತೆ ಹುಚ್ಚೆಳ್ಳಿನ ಚಟ್ನಿ ನೆಕ್ಕಿ ಬೆಳೆದವರು ಸಿಲ್ವರ್ ಸ್ಪ್ರಿಂಗ್‌ನಲ್ಲಿ ಇಥಿಯೋಪಿಯಾವನ್ನು ‘ಮೊದಲ ಸಲ ಟ್ರೈ’ ಮಾಡುತ್ತಾರೆ.

ಪೇಟೆಂಟ್ ಅರ್ಜಿಯ ಪರಿಭಾಷೆಯಾದರೆ ಅದರಿಂದ ದುಡ್ಡೂ ಹುಟ್ಟುತ್ತದೆ. 2007ರಲ್ಲಿ ಟೆಫ್ ಹಿಟ್ಟಿನ ಸಂಸ್ಕರಣೆಗೆ ಡಚ್ ಉದ್ಯಮಿಗಳಿಗೆ ಯುರೋಪಿನ ಪೇಟೆಂಟ್ ಸಿಕ್ಕಿತು. ಸಾವಿರಾರು ವರ್ಷ ಆ ಹಿಟ್ಟು ಬೀಸಿ, ಕಲಸಿ, ಹುಳಿ ಬರಿಸಿದ ಹೆಂಗಸರು ಅರ್ಜಿ ಹಾಕಿರಲಿಲ್ಲ, ಅಷ್ಟೆ. ಅದರಲ್ಲಿ ಹೊಸ ಆವಿಷ್ಕಾರವೇನೂ ಇಲ್ಲವೆಂದು ನೆದರ್‌ಲ್ಯಾಂಡ್ಸ್‌ನಲ್ಲಿ ಅದನ್ನು ಹೇಗ್ ನ್ಯಾಯಾಲಯ ತಳ್ಳಿಹಾಕಿದ್ದು 2018ರಲ್ಲಿ.

ಇಷ್ಟರಲ್ಲಿ ಮೇಜಿನ ಆ ತುದಿಯಿಂದ ಆ ಜೋಕು ಬರುತ್ತದೆ. ಬಂದೇ ಬರುತ್ತದೆ. ‘ಇಥಿಯೋಪಿಯನ್ ಹೋಟೆಲ್ ಅಂದ್ಮೇಲೆ ಖಾಲಿ ತಟ್ಟೆ ಕೊಡಬೇಕಿತ್ತಲ್ವಾ?’

ಇಲ್ಲಿ ಅನುಸಂಧಾನ, ಸಂಕಥನ ಯಾವುದೂ ಬೇಡ. 1983ರಿಂದ 85ರವರೆಗಿನ ಕ್ಷಾಮದಲ್ಲಿ ಅಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಮಳೆ ಕೈಕೊಟ್ಟದ್ದು ಒಂದು ಕಾರಣ. 1974ರಲ್ಲಿ ಹೈಲೆ ಸೆಲಾಸಿಯನ್ನು ಇಳಿಸಿ ಗದ್ದುಗೆ ಹಿಡಿದ ಡೆರ್ಗ್ ಸೇನಾಡಳಿತದ ಯುದ್ಧ ಇನ್ನೊಂದು. ಆ ಆಡಳಿತದಿಂದ ತಪ್ಪಿಸಿಕೊಂಡವರಲ್ಲಿ ಬಹಳ ಜನ ವಾಷಿಂಗ್ಟನ್ ಸುತ್ತಮುತ್ತ ನೆಲೆಸಿದರು. ತಟ್ಟೆ ತಂದಿಟ್ಟ ಹೆಂಗಸಿನ ವಯಸ್ಸು ನೋಡಿದರೆ ಆ ಕ್ಷಾಮದ ಹೊತ್ತಿಗೆ ಅವರು ಪುಟ್ಟ ಹುಡುಗಿ. ಜೋಕು ಹೇಳಿದವನ ಊರು ಮಂಡ್ಯವೋ ತುಮಕೂರೋ ಆಗಿದ್ದರೆ ಅವನ ಮುತ್ತಜ್ಜಿಯ ಅಜ್ಜಿಗೆ ಧಾತು, ಈಶ್ವರ ಸಂವತ್ಸರಗಳ ಬರ ಗೊತ್ತಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ 42 ಲಕ್ಷವೂ ಇರಲಿಲ್ಲ. ಆ ಬರದ ವರ್ಷಗಳಲ್ಲೇ ಹಿಂದೂಸ್ತಾನದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹಡಗು ಹತ್ತುತ್ತಿತ್ತು. ಆ ಖಾಲಿ ತಟ್ಟೆಗಳ ಬಗ್ಗೆ ಯಾರಾದರೂ ಜೋಕು ಕಟ್ಟಿದರೆ ಅವನು ಎಷ್ಟು ನಗುತ್ತಾನೆ?

ಕಾಫಿ ಬೇಕೇ ಎಂದು ತಟ್ಟೆ ತಂದಿಟ್ಟ ಹೆಂಗಸು ಕೇಳಿದರು. ಅಲ್ಲಿನ ಕ್ರಮದಲ್ಲಿ ಬೀಜವನ್ನು ಎದುರಿಗೇ ಹುರಿದು, ಪುಡಿ ಮಾಡಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕಾಯಿಸಿ ಮೂರು ಸುತ್ತು ಕೊಡುತ್ತಾರೆ. ಎರಡು ಗಂಟೆಗೆ ಮೀಟಿಂಗ್ ಇತ್ತು. ಎಲ್ಲರೂ ಬೇಡ ಎಂದರು.

ಉಪಸಂಹಾರದ ಜಾಗದಲ್ಲಿ ಬಿಲ್ಲು ಬಂತು. ಒಂದೇ ತಟ್ಟೆಯಲ್ಲಿ ಉಂಡ ಎಂಟು ಜನರಲ್ಲಿ ಒಬ್ಬರು ‘ನಾನು ಶಿರೋ ಮುಟ್ಟಲೇ ಇಲ್ಲ’ ಎಂದು ಫೋನಿನಲ್ಲಿ ಲೆಕ್ಕಕ್ಕೆ ಕೂತರು. ಟಿಪ್ಸ್ ಶೇಕಡ ಹತ್ತು ಸಾಕೆಂದರು. ಟಿಪ್ಸ್ ಬರುವ ಕೆಲಸದವರಿಗೆ ಅಮೆರಿಕದ ಕೇಂದ್ರ ಕಾನೂನು ಮಾಲೀಕರಿಂದ ಕೊಡಿಸುವ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅದು ಅಲ್ಲಾಡಿಲ್ಲ. ಸಿಲ್ವರ್ ಸ್ಪ್ರಿಂಗ್ ಇರುವ ಮೇರಿಲ್ಯಾಂಡಿನಲ್ಲಿ ಸ್ವಲ್ಪ ಹೆಚ್ಚು, ಅಷ್ಟೇ. ಉಳಿದದ್ದನ್ನು ಉಂಡವರ ಕೈ ತುಂಬಬೇಕು. ಮಿಕ್ಕಿದ ಮಿಸಿರ್ ವೊಟ್ಟನ್ನು ಡಬ್ಬಿಗೆ ಹಾಕಿಸಿಕೊಂಡು ಹೊರಟವರೂ ಅವರೇ, ಇದು ಅಸಲಿ ಅಲ್ಲ ಅಂದಿದ್ದರಲ್ಲ, ಅವರು.