ಯಾರೂ ನೋಡದ ಆಟ

"ಹೆಂಗಸರ ಫುಟ್‌ಬಾಲ್ ಯಾರ್ರೀ ನೋಡ್ತಾರೆ?" ಎನ್ನುತ್ತಾರೆ ಟಿವಿ ಮುಂದಿನ ಪಂಡಿತರು. ನೋಡುತ್ತಿದ್ದರು ಸ್ವಾಮಿ, ನೋಡಿದ್ದೇ ತಪ್ಪಾಯಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್, ಕರ್ ಕಾರ್ಖಾನೆಯ ಹುಡುಗಿಯರ ಆಟಕ್ಕೆ 53 ಸಾವಿರ ಜನ ಸೇರಿದ್ದರು. ಜಾಗ ಸಿಗದ ಸಾವಿರಾರು ಮಂದಿ ಗೇಟಿನಾಚೆಯೇ ಉಳಿದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಗೆ ಈ ಆಟ ಹೆಣ್ಣಿಗೆ ತಕ್ಕದ್ದಲ್ಲವೆಂದು ಜ್ಞಾನೋದಯವಾಗಿ, ತನ್ನ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿಸಿತು. ಬೀಗ ತೆಗೆಯಲು ಸುಮಾರು 50 ವರ್ಷ ಹಿಡಿಯಿತು.

"ಅದೆಲ್ಲ ಸರಿ, ಗಂಡಸರಷ್ಟು ವೇಗ ಇಲ್ಲವಲ್ಲ?" ಇಲ್ಲ, ಒಪ್ಪೋಣ. ಹೆವಿವೇಟ್ ಬಾಕ್ಸರ್ ಒಂದೇ ಏಟಿಗೆ ಮಲಗಿಸುತ್ತಾನೆಂದು ಫ್ಲೈವೇಟ್‌ನವನ ಪದಕ ಯಾರೂ ಕಿತ್ತುಕೊಂಡಿಲ್ಲ. "ಆದಾಯ ಎಲ್ಲಿದೆ?" ಅರ್ಧ ಶತಮಾನ ಅಂಗಡಿಗೆ ಬೀಗ ಜಡಿದು ಈಗ ವ್ಯಾಪಾರದ ಲೆಕ್ಕ ಕೇಳುವ ಗತ್ತನ್ನು ಮೆಚ್ಚಲೇಬೇಕು. "ಹೋಗಲಿ, ಗೆದ್ದಿದ್ದೇನು?" 2022ರ ಯೂರೋ ಫೈನಲ್, ವೆಂಬ್ಲಿಯಲ್ಲಿ 87,192 ಜನ. 110ನೇ ನಿಮಿಷದಲ್ಲಿ ಇಂಗ್ಲೆಂಡಿನ ಕ್ಲೋಯಿ ಕೆಲ್ಲಿ, ಮೊದಲ ಸಲ ಚೆಂಡು ಕಾಲಿಗೆ ಸಿಗದೆ, ಮರುಗಳಿಗೆಯೇ ಕಾಲು ಚಾಚಿ ಬಲೆಗೆ ತಳ್ಳಿದಳು. ಜರ್ಮನಿ 2-1ರಲ್ಲಿ ಸೋತಿತು. 2025ರ ಯೂರೋ ಫೈನಲ್‌ನಲ್ಲಿ ಅದೇ ಇಂಗ್ಲೆಂಡಿಗೆ ಸ್ಪೇನ್ ಸೋತಿತು. ಪಂಡಿತರ ಮೆಚ್ಚಿನ ಇಂಗ್ಲೆಂಡ್ ಗಂಡಸರು ಕೊನೆಯ ಸಲ ದೊಡ್ಡ ಕಪ್ ಎತ್ತಿದ್ದು 1966ರಲ್ಲಿ.