ಕರಿ ಪರದೆಯ ಮುಂದೆ ಬಣ್ಣದ ವೇಷ

ಮಾಟುಂಗದ ಯಕ್ಷಗಾನದ ಆಟದಲ್ಲಿ ತೆಗೆದ ಫೋಟೊ ತೋರಿಸಿದಿರಲ್ಲ ಮಾರಾಯ್ರೇ, ಆಗಿನಿಂದ ಈ ಮಾತು ಹೇಳಬೇಕು ಅಂತಿದ್ದೆ. ಕ್ಯಾಮೆರಾ ಒಳ್ಳೆಯದುಂಟು, ನೀವು ಕೂತ ಜಾಗವೂ ಒಳ್ಳೆಯದೇ. ಆದರೂ ಬಣ್ಣದ ವೇಷದ, ಅಂದರೆ ರಾಕ್ಷಸನ, ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬಂದಿದೆ. ಕೆನ್ನೆಯ ಕೆಂಪು ಎಲ್ಲಿ, ಮುಖದ ಮೇಲಿಟ್ಟ ಚುಟ್ಟಿಯ ಬಿಳಿ ಎಲ್ಲಿ ಅಂತ ಗೊತ್ತೇ ಆಗುವುದಿಲ್ಲ. ಹಿಂದಿನ ಕರಿ ಪರದೆ ಮಾತ್ರ ಬೂದಿ ಬಣ್ಣಕ್ಕೆ ತಿರುಗಿ ಚೆನ್ನಾಗಿ ಕಾಣುತ್ತದೆ! ಹೊಸ ಕ್ಯಾಮೆರಾ ತೆಗೆದುಕೊಳ್ಳುವ ಯೋಚನೆ ಬಿಡಿ. ಇರುವುದರಲ್ಲೇ ಒಂದು ಗುಂಡಿ ಉಂಟು, ಅದನ್ನು ತಿರುಗಿಸಿದರೆ ಸಾಕು.

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಇರುತ್ತದೆ. ಎದುರಿಗೆ ಏನೇ ಇರಲಿ, ಒಟ್ಟು ಚಿತ್ರ ನಡುವಿನ ಬೂದುಬಣ್ಣದಷ್ಟು ಬೆಳಗಬೇಕು ಅನ್ನುವುದು ಅದರ ಲೆಕ್ಕ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಹಿಂದಿರುಗಿಸುವ ಬೂದು ಅಂತ ಹಳೇ ಛಾಯಾಗ್ರಾಹಕರು ಹೇಳುತ್ತಿದ್ದರು. ರಂಗದಲ್ಲಿ ಮುಕ್ಕಾಲು ಭಾಗ ಕರಿ ಪರದೆ, ನಡುವೆ ಬೆಳಕಿನಲ್ಲಿ ಒಂದು ವೇಷ. ಮೀಟರ್ ಪರದೆಯ ಕತ್ತಲೆ ನೋಡಿ ‘ಬೆಳಕು ಸಾಲದು’ ಅಂತ ತೀರ್ಮಾನಿಸಿ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಪರದೆ ಬೂದಿಯಾಗುತ್ತದೆ, ಮುಖ ಸುಟ್ಟುಹೋಗುತ್ತದೆ.

ಪ್ಲಸ್ ಮೈನಸ್ ಗುರುತಿನ ಗುಂಡಿ ಇರುವುದು ಇದಕ್ಕೇ. ಆಟದಲ್ಲಿ ಮೈನಸ್ ಒಂದಕ್ಕೆ ಇಡಿ, ಒಳಗೆ ಬೀಳುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಪರದೆ ಪೂರ್ತಿ ಕಪ್ಪಾಗಲಿ ಬಿಡಿ, ಅದು ಕಪ್ಪೇ ಅಲ್ಲವೇ? ಡಿಜಿಟಲ್‌ನಲ್ಲಿ ಒಂದು ಮಾತು ನೆನಪಿರಲಿ: ಕತ್ತಲೆಯಲ್ಲಿ ಉಳಿದದ್ದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸ್ವಲ್ಪ ಮೇಲೆತ್ತಬಹುದು, ಒಂದಿಷ್ಟು ಕಾಳುಕಾಳಾಗಿ ಕಂಡೀತು ಅಷ್ಟೆ. ಪೂರ್ತಿ ಬಿಳಿಯಾಗಿ ಸುಟ್ಟದ್ದನ್ನು ಯಾರೂ ವಾಪಸು ತರಲಾರರು.

ಮುಂಬಯಿಯ ಬೀದಿಗಳಲ್ಲಿ ಇದರ ತಿರುವುಮುರುವೂ ಕಾಣಸಿಗುತ್ತದೆ. ಚರ್ಚ್‌ಗೇಟ್ ಸ್ಟೇಷನ್ನಿನ ಹೊರಗೆ ಬಿಳಿ ಟೋಪಿಯ ಡಬ್ಬಾವಾಲಾಗಳು ಒಟ್ಟಿಗೆ ನಿಂತಿದ್ದಾಗ ಹತ್ತಿರದಿಂದ ತೆಗೆದರೆ ಬಿಳಿ ಬಟ್ಟೆ ಮಾಸಿದ ಹಾಗೆ ಬರುತ್ತದೆ. ಮಳೆಗಾಲದ ಮರೀನ್ ಡ್ರೈವ್‌ನಲ್ಲಿ ಮೋಡದ ಬಿಳಿ ಆಕಾಶ ಚಿತ್ರ ತುಂಬಿಕೊಂಡರೆ ಕಟ್ಟೆಯ ಮೇಲೆ ಕೂತವರ ಮುಖ ಕಪ್ಪಾಗುತ್ತದೆ. ಅಲ್ಲಿ ಪ್ಲಸ್ ಒಂದು ಬೇಕು. ಕಪ್ಪು ಹೆಚ್ಚಿದ್ದರೆ ಮೈನಸ್, ಬಿಳಿ ಹೆಚ್ಚಿದ್ದರೆ ಪ್ಲಸ್. ಇಷ್ಟೇ ಸೂತ್ರ.

ಇನ್ನು ಧೀಂಗಿಣದ ಮಾತು. ವೇಷ ಗಿರಕಿ ಹೊಡೆಯುವಾಗ ಶಟರ್ 1/500 ಇರಲಿ. ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು ತೆರೆದು, ಐಎಸ್ಒ 3200ಕ್ಕೆ ಏರಿಸಲು ಹೆದರಬೇಡಿ. ಅರ್ಥಗಾರಿಕೆಯ ಹೊತ್ತಿಗೆ ವೇಷ ನಿಂತು ಮಾತಾಡುವಾಗ 1/100 ಸಾಕು. ಅದರಲ್ಲಿ ಇನ್ನೊಂದು ಲಾಭವೂ ಉಂಟು. ನಮ್ಮ ಕರೆಂಟು 50 ಹರ್ಟ್ಸ್. ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣದು. ಶಟರ್ ತೀರಾ ವೇಗವಾದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದ್ದರೆ ಚಿತ್ರದ ಮೇಲೆ ಅಡ್ಡಪಟ್ಟಿಗಳೂ ಬರುತ್ತವೆ. 1/100ರಲ್ಲಿ ಒಂದು ಮಿನುಗು ಪೂರ್ತಿ ಹಿಡಿಯುತ್ತದೆ, ಬೆಳಕು ಸಮನಾಗಿರುತ್ತದೆ.

ಕ್ಯಾಮೆರಾದ ಸ್ಕ್ರೀನ್ ನಂಬಬೇಡಿ. ಕತ್ತಲೆ ಸಭಾಂಗಣದಲ್ಲಿ ಅದರಲ್ಲಿ ಎಲ್ಲವೂ ಬೆಳಗಿದ ಹಾಗೇ ಕಾಣುತ್ತದೆ. ಚಿತ್ರದ ಬೆಳಕಿನ ಹಂಚಿಕೆಯನ್ನು ಗುಡ್ಡದ ಹಾಗೆ ತೋರಿಸುವ ಹಿಸ್ಟೋಗ್ರಾಮ್ ನೋಡಿ. ಆ ಗುಡ್ಡ ಬಲಗಡೆಯ ಗೋಡೆಗೆ ಒತ್ತಿ ನಿಂತಿದ್ದರೆ ಬಿಳಿ ಸುಟ್ಟಿದೆ ಅಂತಲೇ ಅರ್ಥ. ಸುಟ್ಟ ಜಾಗ ಮಿನುಗಿ ತೋರಿಸುವ ಸೌಲಭ್ಯವೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಉಂಟು, ಅದನ್ನು ಆನ್ ಮಾಡಿಡಿ.

ಇಷ್ಟು ಒತ್ತಿ ಹೇಳುವುದು ಯಾಕೆ ಗೊತ್ತುಂಟಾ? ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ನಮ್ಮ ಕಲಾವಿದರು ಮುಂಬಯಿಗೆ ಬರುತ್ತಾರೆ. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಭವನ, ಹೀಗೆ ಅಲ್ಲಲ್ಲಿ ಆಟ. ತೆಂಕುತಿಟ್ಟಿನ ಬಣ್ಣದ ವೇಷದವರು ವೇಷ ಕಟ್ಟುವ ಚೌಕಿಯಲ್ಲಿ ಕನ್ನಡಿ ಹಿಡಿದು ಕೂತು, ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಮುಳ್ಳು ಮುಳ್ಳಾಗಿ ಚುಟ್ಟಿ ಇಡುತ್ತಾರೆ. ಗಂಟೆಗಟ್ಟಲೆಯ ಕೆಲಸ ಅದು. ಒಂದೊಂದು ಮುಳ್ಳಿಗೂ ಅದರದೇ ನೆರಳು ಉಂಟು. ಆ ನೆರಳು ಉಳಿದರೆ ಮಾತ್ರ ಫೋಟೊದಲ್ಲಿ ರಾಕ್ಷಸ ರಾಕ್ಷಸನಾಗಿ ಕಾಣುತ್ತಾನೆ. ಬೆಳಗಾದರೆ ಬಣ್ಣ ತೊಳೆದುಹೋಗುತ್ತದೆ, ಉಳಿಯುವುದು ನೀವು ತೆಗೆದ ಚಿತ್ರ ಮಾತ್ರ. ಅದಕ್ಕೇ ಮುಂದಿನ ಆಟಕ್ಕೆ ಹೋದಾಗ ಚೆಂಡೆ ಶುರುವಾಗುವ ಮೊದಲೇ ಗುಂಡಿಯನ್ನು ಮೈನಸ್ ಒಂದಕ್ಕೆ ತಿರುಗಿಸಿಡಿ ಮಾರಾಯ್ರೇ. ಒಂದು ಚಿತ್ರ ತೆಗೆದು ಮುಖ ನೋಡಿ, ಬೇಕಾದರೆ ಇನ್ನೂ ಇಳಿಸಿ. ಪರದೆಯ ಚಿಂತೆ ಬೇಡ.