ಹಿಮಾಭಾವ

ಜುಲೈ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆ. ಫ್ಲಾರಿಡಾದ ಟಾಂಪಾದಲ್ಲಿರುವ ಅಕ್ಕನ ಮನೆಯ ಹಿತ್ತಲಲ್ಲಿ ನಮ್ಮ ಭಾವ ತಲೆಗೆ ಉಣ್ಣೆ ಟೋಪಿ, ಕಣ್ಣಿಗೆ ವೆಲ್ಡಿಂಗ್ ಅಂಗಡಿಯವರದಂಥ ಕನ್ನಡಕ, ಕೈಗೆ ದಪ್ಪ ಗವಸು ತೊಟ್ಟು, ಸೊಂಟದ ಕೆಳಗೆ ಮಾತ್ರ ಹೂವಿನ ಚಡ್ಡಿ ಹಾಕಿಕೊಂಡು ನಿಂತಿದ್ದರು. ಟೋಪಿಯ ಅಂಚಿನಿಂದ ಹೊರಟ ಬೆವರು ಕನ್ನಡಕದೊಳಗೆ ಇಳಿದು ಅಲ್ಲೇ ಕೆರೆ ಕಟ್ಟುತ್ತಿತ್ತು. ಕಂಕುಳಲ್ಲಿ ಪರೀಕ್ಷೆಗೆ ಒಯ್ಯುವಂಥ ರಟ್ಟಿನ ಪ್ಯಾಡು.

"ಏನು ಭಾವ ಇದು?"

"ಜುಲೈ ಕ್ರಿಸ್‌ಮಸ್ ಕಣಪ್ಪ. ನಮ್ಮ ಸ್ಕೀ ಕ್ಲಬ್‌ದು. ನಲವತ್ತೆರಡು ಜನ ಹೆಸರು ಕೊಟ್ಟಿದಾರೆ, ಐವತ್ತಕ್ಕೆ ಊಟ ಹೇಳಿದೀನಿ."

ಸ್ಕೀ ಅಂದರೆ ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಬೆಟ್ಟದಿಂದ ಜಾರುವುದು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಅದಕ್ಕೆ ಬೇಕಾದ್ದು ಎರಡು: ಹಿಮ, ಬೆಟ್ಟ. ಫ್ಲಾರಿಡಾದ ಅತಿ ಎತ್ತರದ ಜಾಗ, ಅಲಬಾಮಾದ ಗಡಿಯ ಹತ್ತಿರ ಇರುವ ಬ್ರಿಟನ್ ಹಿಲ್, ಸಮುದ್ರ ಮಟ್ಟದಿಂದ 105 ಮೀಟರು. ಅಮೆರಿಕದ ಐವತ್ತು ರಾಜ್ಯಗಳ ಶಿಖರಗಳಲ್ಲಿ ಇದೇ ಕುಳ್ಳ. ನಮ್ಮ ದಾವಣಗೆರೆ ಸಮುದ್ರದಿಂದ ಆರುನೂರು ಮೀಟರ್ ಮೇಲಿದೆ. ಅಂದರೆ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಾ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಕೂತವನು ಫ್ಲಾರಿಡಾದ ಶಿಖರಕ್ಕಿಂತ ಐದು ಪಟ್ಟು ಎತ್ತರದಲ್ಲಿ ಕೂತಿರುತ್ತಾನೆ, ಅವನಿಗೆ ಗೊತ್ತಿರುವುದಿಲ್ಲ ಅಷ್ಟೆ. ಇನ್ನು ಹಿಮ. ಟಾಂಪಾ ಕರ್ಕಾಟಕ ವೃತ್ತಕ್ಕಿಂತ ಉತ್ತರಕ್ಕಿದೆ, ಅದು ಉಷ್ಣವಲಯವೇ ಅಲ್ಲ ಎಂದು ಭೂಗೋಳದ ಮೇಷ್ಟ್ರು ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ, ಆದರೆ ಜುಲೈನಲ್ಲಿ ಬಂದು ತೆಗೆಯಲಿ.

ಮನಸ್ಸಿನಲ್ಲೇ ಅವರಿಗೆ ‘ಹಿಮಭಾವ’ ಅಂತ ಹೆಸರಿಟ್ಟೆ. ಒಳಗೆ ಹೋಗಿ ಅಕ್ಕನ ಕಿವಿಯಲ್ಲಿ ಹೇಳಿದೆ. ಹೈಸ್ಕೂಲಿನಲ್ಲಿ ಕನ್ನಡಕ್ಕೆ ಯಾವಾಗಲೂ ನನಗಿಂತ ಹೆಚ್ಚು ಅಂಕ ತೆಗೆದವಳು ಅವಳು. ಸೌತೆಕಾಯಿ ಹೆಚ್ಚುತ್ತಲೇ, "ದೀರ್ಘ ಕೊಡೋ. ಹಿಮ, ಅಭಾವ. ಹಿಮಾಭಾವ. ಸವರ್ಣದೀರ್ಘ ಸಂಧಿ" ಅಂದಳು.

ಭಾವನನ್ನು ಸ್ಕೀಗಾರ ಅಂದುಕೊಂಡರೆ ಅವರು ಅರ್ಥವಾಗುವುದಿಲ್ಲ. ಅವರು ಹುಟ್ಟು ಕಾರ್ಯದರ್ಶಿ. ಈ ಬಗೆಯವರು ನಿಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ತಿಳಿಯದು, ಆದರೆ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿರುತ್ತದೆ. ಅಧ್ಯಕ್ಷರಾಗುವುದು ಅವರಿಗೆ ಬೇಕಿಲ್ಲ; ಅಧ್ಯಕ್ಷರಿಗೆ ಹಾರ ತರಿಸುವುದು ಬೇಕು. ಭಾವ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಗಣಪತಿ ಪೆಂಡಾಲಿನ ರಸೀದಿ ಪುಸ್ತಕ ಹಿಡಿದವರು. ಮೂರ್ತಿ ಕೆರೆಯಲ್ಲಿ ಮುಳುಗಿದ ರಾತ್ರಿಯೇ ಮುಂದಿನ ವರ್ಷದ ಧ್ವನಿವರ್ಧಕಕ್ಕೆ ಮುಂಗಡ ಕೊಡುತ್ತಿದ್ದರಂತೆ. ಟಾಂಪಾಕ್ಕೆ ಬಂದ ಮೇಲೆ ಕನ್ನಡ ಕೂಟ ಸಿಕ್ಕಿತು. ಯುಗಾದಿ ಊಟಕ್ಕೆ ಹೋಳಿಗೆ ತಲೆಗೆ ಒಂದೋ ಒಂದೂವರೆಯೋ ಎಂಬ ಪ್ರಶ್ನೆಯ ಮೇಲೆ ಎರಡು ಅವಧಿ ಸೇವೆ ಸಲ್ಲಿಸಿದರು. ಆಮೇಲೆ ಹೊಸಬರಿಗೆ ಅವಕಾಶ ಕೊಡಬೇಕೆಂಬ ಮಾತು ಬಂತು. ಕೊಟ್ಟರು. ಮೂರು ತಿಂಗಳು ಭಾವ ಮನೆಯಲ್ಲಿ ಸುಮ್ಮನೆ ಕೂತರು. ಅಕ್ಕ ಆ ಮೂರು ತಿಂಗಳ ಬಗ್ಗೆ ಈಗಲೂ ಮಾತಾಡುವುದಿಲ್ಲ. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಬಿದ್ದಿದ್ದನ್ನು ಮಾತ್ರ ನಾನೇ ನೋಡಿದೆ.

ಆಗ ಆಫೀಸಿನ ಗೆಳೆಯನೊಬ್ಬ ಸ್ಕೀ ಕ್ಲಬ್ಬಿನ ಸಭೆಗೆ ಕರೆದುಕೊಂಡು ಹೋದ. ಹೋಟೆಲೊಂದರ ಹಿಂದಿನ ಕೋಣೆ, ನಲವತ್ತು ಜನ, ಎಲ್ಲರ ಕೈಯಲ್ಲೂ ಗ್ಲಾಸು, ಗೋಡೆಯ ಮೇಲೆ ಕೊಲರಾಡೊದ ಪಟ. ಯಾರೋ ಎದ್ದು "ಮುಂದಿನ ತಿಂಗಳ ಪಿಕ್‌ನಿಕ್ ಯಾರು ನೋಡಿಕೊಳ್ತೀರಿ?" ಅಂತ ಕೇಳಿದರಂತೆ. ನಲವತ್ತು ಜನ ತಮ್ಮ ತಮ್ಮ ಗ್ಲಾಸಿನೊಳಗೆ ನೋಡಿಕೊಂಡರು. ಹಿಮವನ್ನು ಕಣ್ಣಾರೆ ಕಂಡಿರದ ನಮ್ಮ ಭಾವನ ಕೈ ತಾನಾಗಿ ಮೇಲಕ್ಕೆದ್ದಿತು.

ಇಂಥ ಕ್ಲಬ್ಬುಗಳು ಅಲ್ಲಿ ಒಂದೆರಡಲ್ಲ. ಫ್ಲಾರಿಡಾ ಸ್ಕೀ ಕೌನ್ಸಿಲ್ ಅಂತ ಅವುಗಳ ಒಕ್ಕೂಟವೇ ಇದೆ. ಕಾರಣ ಸರಳ. ಬೆಟ್ಟದ ಬುಡದಲ್ಲಿರುವವನು ಮನಸ್ಸಾದಾಗ ಹೋಗಿ ಜಾರಿ ಬರುತ್ತಾನೆ. ಸಮುದ್ರದ ದಂಡೆಯಲ್ಲಿರುವವನಿಗೆ ವಿಮಾನ ಬೇಕು, ಬಸ್ಸು ಬೇಕು, ವಸತಿ ಬೇಕು; ಮದುವೆ ದಿಬ್ಬಣದ ಹಾಗೆ ಗುಂಪು ಕಟ್ಟಿಕೊಂಡು ಹೋದರೆ ಅಗ್ಗ. ಆ ಪ್ರವಾಸ ವರ್ಷಕ್ಕೆ ಒಂದು ವಾರ. ಮಿಕ್ಕ ಐವತ್ತೊಂದು ವಾರ ಗುಂಪು ಚೆದುರದ ಹಾಗೆ ನೋಡಿಕೊಳ್ಳಬೇಕಲ್ಲ, ಅದು ಭಾವನ ಖಾತೆ.

ಅವರ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲ ಮೇಲೆ ನೋಡಿದೆ. ಪಿನೆಲಸ್ ಟ್ರೇಲಿನಲ್ಲಿ ಸೈಕಲ್ ಸವಾರಿ. ಫೋರ್ಟ್ ಡಿ ಸೋಟೊ ಕಡಲ ತೀರದಲ್ಲಿ ಸುಟ್ಟ ಜೋಳ. ಹಿಲ್ಸ್‌ಬರೊ ನದಿಯಲ್ಲಿ ದೋಣಿ (ಮೊಸಳೆಗಳಿಗೆ ತಿಂಡಿ ಹಾಕಕೂಡದು ಎಂಬ ಸೂಚನೆ ಕೆಂಪು ಶಾಯಿಯಲ್ಲಿ). ವೀಕಿ ವಾಚಿ ಎಂಬಲ್ಲಿ 1947ರಿಂದ ನಡೆದುಬಂದ ಮತ್ಸ್ಯಕನ್ಯೆಯರ ಆಟ: ಬುಗ್ಗೆಯ ನೀರಿನೊಳಗೆ ಹುಡುಗಿಯರು ಬಾಲ ಕಟ್ಟಿಕೊಂಡು ಕುಣಿಯುತ್ತಾರೆ, ಜನ ಗಾಜಿನ ಆಚೆ ಕೂತು ನೋಡುತ್ತಾರೆ. ಬೌಲಿಂಗು. ಬೇಸ್‌ಬಾಲು. ಜನವರಿಯಲ್ಲಿ ಗ್ಯಾಸ್‌ಪರಿಲ್ಲ ಮೆರವಣಿಗೆ. ಇದು ಟಾಂಪಾದವರು 1904ರಿಂದ ಮಾಡುತ್ತಿರುವ ಕಡಲುಗಳ್ಳರ ಜಾತ್ರೆ. ಇದ್ದನೋ ಇಲ್ಲವೋ ಗೊತ್ತಿಲ್ಲದ ಒಬ್ಬ ಕಳ್ಳನ ಹೆಸರಿನಲ್ಲಿ ಊರಿಗೆ ಊರೇ ವೇಷ ಹಾಕಿ, ಹಡಗಿನಲ್ಲಿ ಬಂದು, ಬಣ್ಣದ ಮಣಿಸರ ಎರಚುತ್ತದೆ. ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎರಡು ಸಲ ಓದಿದೆ. ಸ್ಕೀ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ಭಾವ ಹಾಳೆ ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: ‘ಫೆಬ್ರವರಿ, ಕೊಲರಾಡೊ’.

ಭಾವನಿಗೆ ಸಿಟ್ಟು ಬರುವುದು ಒಂದೇ ಮಾತಿಗೆ. ಸ್ಕೀ ಕ್ಲಬ್ ಅಂದ ತಕ್ಷಣ ಜನ "ಓ, ನೀರಿನ ಮೇಲಿಂದಾ?" ಅನ್ನುತ್ತಾರೆ. ಜನರ ತಪ್ಪೇನೂ ಇಲ್ಲ. ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದು ಜಾರುವ ಆಟಕ್ಕೆ ಫ್ಲಾರಿಡಾ ತವರುಮನೆ ಇದ್ದಂತೆ. 1936ರಲ್ಲಿ ಶುರುವಾದ ಸೈಪ್ರೆಸ್ ಗಾರ್ಡನ್ಸ್ ಆ ಪ್ರದರ್ಶನಗಳಿಂದಲೇ ಹೆಸರಾದದ್ದು, ಅದೂ ವಿಂಟರ್ ಹೇವನ್ ಎಂಬ ಊರಿನಲ್ಲಿ. ಚಳಿಗಾಲ ಹೆಸರಿನಲ್ಲಿ ಮಾತ್ರ ಇರುವ ಊರು. ಆದರೆ ಭಾವನ ಮುಂದೆ ನೀರಿನ ಸ್ಕೀ ಎತ್ತಿದರೆ, ಘರಾಣೆಯ ಗವಾಯಿಯ ಮುಂದೆ ಆರ್ಕೆಸ್ಟ್ರಾ ಹೊಗಳಿದ ಹಾಗೆ. "ಅದು ಬೇರೆ ಸಂಪ್ರದಾಯ" ಅಂದು ಮುಖ ತಿರುಗಿಸುತ್ತಾರೆ.

ಜುಲೈ ಕ್ರಿಸ್‌ಮಸ್ಸಿಗೆ ಬರುತ್ತೇನೆ. ಕ್ರಿಸ್‌ಮಸ್ಸಿಗೆ ಹಿಮ ಬೇಕು. ಐಸನ್ನು ಪುಡಿ ಮಾಡಿ ಹರಡಿದರೆ ಹತ್ತು ನಿಮಿಷ ನಿಲ್ಲುವುದಿಲ್ಲ. ಥರ್ಮಾಕೋಲ್ ಮಣಿ ಚೆಲ್ಲಿದರೆ ಪರಿಸರವಾದಿ ಸದಸ್ಯರು ಬಿಡುವುದಿಲ್ಲ. ದಾವಣಗೆರೆಯವನ ತಲೆ ಇನ್ನೆಲ್ಲಿಗೆ ಹೋದೀತು? ಊರಿನ ಇಂಡಿಯನ್ ಸ್ಟೋರುಗಳಲ್ಲಿದ್ದ ಮಂಡಕ್ಕಿಯನ್ನೆಲ್ಲ ಗುಡಿಸಿ ತಂದಿದ್ದರು. ಹಿತ್ತಲ ಹುಲ್ಲಿನ ಮೇಲೆ ಹಾಸಿದ ಬಿಳಿ ಬೆಡ್‌ಶೀಟುಗಳ ಮೇಲೆ ನಾನೂ ಭಾವನೂ ಪಾಕೀಟು ಪಾಕೀಟು ಸುರಿದೆವು. "ನಮ್ಮೂರ ಮಂಡಕ್ಕಿ ಅಲ್ಲ, ರುಚಿ ಸಾಲದು. ಬೆಳ್ಳಗಂತೂ ಇದೆ" ಅಂದರು. ದೂರದಿಂದ ನೋಡಿದರೆ, ಕಣ್ಣು ಸ್ವಲ್ಪ ಕಿರಿದು ಮಾಡಿದರೆ, ಹಿಮ ಅನ್ನಬಹುದಿತ್ತು.

ಸದಸ್ಯರು ಬಂದರು. ಬಹುಪಾಲು ನಿವೃತ್ತರು, ಬಿಸಿಲಿಗೆ ಮಾಗಿದ ಮುಖ, ಒಬ್ಬೊಬ್ಬರ ಮಂಡಿಯ ಮೇಲೂ ಒಂದೊಂದು ಹೊಲಿಗೆಯ ಗುರುತು. ಅವರಲ್ಲಿ ಹಳಬರು 1977ರ ಜನವರಿ 19ರ ಕಥೆ ಹೇಳುತ್ತಾರೆ. ಅವತ್ತು ಟಾಂಪಾದಲ್ಲಿ ಹಿಮ ಬಿದ್ದಿತ್ತು, ಮಯಾಮಿಯವರೂ ಆಕಾಶದಲ್ಲಿ ಹಿಮದ ಹಳಕು ಹಾರಿದ್ದನ್ನು ಕಂಡಿದ್ದರು. ನಮ್ಮ ಕಡೆ ಮುದುಕರು ತುಂಗಭದ್ರೆ ಉಕ್ಕಿದ ವರ್ಷ ಹೇಳುವ ಧಾಟಿಯಲ್ಲೇ ಹೇಳುತ್ತಾರೆ. ಪ್ರತಿ ಸಲ ಹೇಳುವಾಗಲೂ ಹಿಮ ಒಂದು ಅಂಗುಲ ಏರುತ್ತದಂತೆ.

ಮೊದಲ ಸ್ಪರ್ಧೆ ಬೂಟಿನ ಓಟ. ಸ್ಕೀ ಬೂಟು ಅಂದರೆ ಕಾಲಿಗೆ ತೊಡಿಸಿದ ಪ್ಲಾಸ್ಟಿಕ್ ಸಿಮೆಂಟು; ಹಿಮ್ಮಡಿ ಮೊದಲು ಊರಿ ಧಪ್ ಧಪ್ ಅಂತ ನಡೆಯಬೇಕು, ಪಾದ ಬಾಗುವುದಿಲ್ಲ. ನನ್ನನ್ನು ತೀರ್ಪುಗಾರನನ್ನಾಗಿ ನಿಲ್ಲಿಸಿದರು. ಎಪ್ಪತ್ತರ ಅಜ್ಜಿಯೊಬ್ಬರು ಗೆದ್ದರು. ಅಷ್ಟರಲ್ಲಿ ನಾಲ್ಕು ಗಂಟೆ. ಟಾಂಪಾದ ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ಮಳೆ ನಮ್ಮ ಹಳೇ ಪ್ಯಾಸೆಂಜರ್ ರೈಲಿಗಿಂತ ಸರಿಯಾಗಿ ಸಮಯ ಪಾಲಿಸುತ್ತದೆ. ಒಂದು ಸಿಡಿಲು, ನಲವತ್ತೆರಡು ಜನ ಸೊಳ್ಳೆಪರದೆ ಬಿಗಿದ ಹಿಂಜಗಲಿಗೆ ನುಗ್ಗಿದರು. ಬೂಟು ಹಾಕಿದ್ದವರು ಧಪ್ ಧಪ್ ಅಂತ ಕೊನೆಗೆ ಬಂದರು. ಮಳೆ ಇಪ್ಪತ್ತು ನಿಮಿಷ ಹೊಡೆದು ನಿಂತಾಗ ಹಿಮವೆಲ್ಲ ಒಗ್ಗರಣೆಗೆ ನೆನೆಸಿಟ್ಟ ಹಾಗಾಗಿತ್ತು. ಎಲ್ಲಿದ್ದವೋ, ಕೊಕ್ಕು ಬಾಗಿದ ಬಿಳಿ ಐಬಿಸ್ ಹಕ್ಕಿಗಳು ಹನ್ನೆರಡು ಹದಿಮೂರು ಇಳಿದು, ಬೀಗರ ಊಟಕ್ಕೆ ಬಂದವರ ಗತ್ತಿನಲ್ಲಿ ಸಾಲಾಗಿ ನಿಂತು ಉಣ್ಣತೊಡಗಿದವು. ಭಾವ ಪರದೆಯ ಹಿಂದಿನಿಂದ ಬೆರಳು ಮಾಡಿ ಎಣಿಸುತ್ತಿದ್ದರು. ಅಭ್ಯಾಸ.

"ಐವತ್ತಕ್ಕೆ ಹೇಳಿದ್ದು ಒಳ್ಳೇದಾಯ್ತು" ಅಂದಳು ಅಕ್ಕ.

ನವೆಂಬರಿನಲ್ಲಿ ಕ್ಲಬ್ಬಿನದು ಇನ್ನೊಂದು ಹಬ್ಬವಿದೆ. ಸ್ಕೀಗಾರರಿಗೊಬ್ಬ ದೇವರು, ಉಲ್ಲ್ ಅಂತ. ಉತ್ತರದ ನಾರ್ಸ್ ಜನರ ಪುರಾಣದವನು. ಕೊಲರಾಡೊದ ಬ್ರೆಕನ್‌ರಿಜ್ ಊರಿನಲ್ಲಿ 1963ರಿಂದ ಅವನ ಹಬ್ಬವೇ ನಡೆಯುತ್ತದೆ. ಹಿಮ ಬೀಳಲಿ ಅಂತ ಹಳೆಯ ಸ್ಕೀ ಹಲಗೆಯನ್ನು ಅವನಿಗೆ ಸುಟ್ಟು ಅರ್ಪಿಸುವ ಪದ್ಧತಿ ಸ್ಕೀಗಾರರಲ್ಲಿದೆ. ಮಳೆಗಾಗಿ ಕಪ್ಪೆ ಮದುವೆ, ಕತ್ತೆ ಮದುವೆ ನೋಡಿ ಬೆಳೆದ ಭಾವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕಾಣಿಸಿದ್ದು ವ್ಯವಸ್ಥೆಯ ಲೋಪಗಳು ಮಾತ್ರ. ಹೊಸ ಕಾಲದ ಹಲಗೆಗಳಲ್ಲಿ ಪ್ಲಾಸ್ಟಿಕ್ ಇರುತ್ತದೆ, ನಾರುತ್ತದೆ. ಹಾಗಾಗಿ ಮರದವನ್ನೇ ಹುಡುಕಿ ತರಬೇಕು ಅಂತ ನಿಯಮ ಮಾಡಿದರು. ಕೊನೆಯಲ್ಲಿ ವಂದನಾರ್ಪಣೆಯನ್ನೂ ಸೇರಿಸಿದರು. ಉಲ್ಲ್ ದೇವರಿಗೆ ಇಂಗ್ಲಿಷಿನಲ್ಲಿ ವಂದನಾರ್ಪಣೆ ಮಾಡಿದ ಮೊದಲ ದಾವಣಗೆರೆಯವರು ಅವರೇ ಇರಬೇಕು.

ಭಾವ ತಾವು ಸ್ಕೀ ಮಾಡುತ್ತಾರೋ? ಅಕ್ಕನನ್ನು ಕೇಳಿದೆ. ಅವಳು ಸೀರೆ ಒಣಗಿಸುತ್ತಿದ್ದಳು. ಆ ಊರಿನ ತೇವಕ್ಕೆ ಎಲ್ಲಕ್ಕೂ ಬೂಸು ಹಿಡಿಯುತ್ತದೆ, ಹಾಗಾಗಿ ವರ್ಷಕ್ಕೆರಡು ಸಲ ರೇಷ್ಮೆ ಸೀರೆಗಳನ್ನೂ ಸ್ಕೀ ಜಾಕೆಟ್ಟುಗಳನ್ನೂ ಒಂದೇ ಹಗ್ಗದ ಮೇಲೆ ಹರವುತ್ತಾಳೆ. "ಮಾಡ್ತಾರಪ್ಪ. ಎಂಟು ವರ್ಷದಿಂದ ಹಸಿರಲ್ಲೇ ಇದಾರೆ" ಅಂದಳು. ಇಳಿಜಾರುಗಳಿಗೆ ಬಣ್ಣದ ಗುರುತುಂಟು: ಹಸಿರು ವೃತ್ತ ಕಲಿಯುವವರಿಗೆ, ನೀಲಿ ಚೌಕ ಬಲ್ಲವರಿಗೆ, ಕಪ್ಪು ವಜ್ರ ಗುಂಡಿಗೆ ಇದ್ದವರಿಗೆ. ಹಸಿರಿನಲ್ಲೂ ತೀರಾ ಕೆಳಗೆ, ಬುಡದಲ್ಲಿ, ಮಕ್ಕಳ ದಿನ್ನೆ. ಭಾವ ಅಲ್ಲಿ ಐದು ವರ್ಷದ ಮಕ್ಕಳ ಜೊತೆ ಹಲಗೆಗಳ ಮೂತಿ ಕೂಡಿಸಿ ನಿಲ್ಲುವುದನ್ನು ಕಲಿಯುತ್ತಾರೆ. ಆ ಆಕಾರಕ್ಕೆ ಮಾಸ್ತರರು ‘ಪಿಜ್ಜಾ’ ಅನ್ನುತ್ತಾರೆ, ಹಲಗೆ ಜೋಡಿಸಿ ನೇರ ಬಿಟ್ಟರೆ ‘ಫ್ರೆಂಚ್ ಫ್ರೈ’. ಭಾವ ಫ್ರೆಂಚ್ ಫ್ರೈ ತನಕ ಹೋಗಿಲ್ಲ. ಹತ್ತು ಗಂಟೆಗೆ ಒಂದು ಸುತ್ತು ಮುಗಿಸಿ ಪ್ಯಾಡು ಹಿಡಿದು ಲಿಫ್ಟಿನ ಬುಡದಲ್ಲಿ ನಿಂತರೆ ಸಂಜೆಯ ತನಕ ಅದೇ ಜಾಗ. ಯಾರು ಮೇಲೆ ಹೋದರು, ಯಾರು ಇಳಿದರು, ಯಾರಿಗೆ ತಲೆನೋವು. ಸಮುದ್ರ ಮಟ್ಟದವರನ್ನು ಒಂದೇ ದಿನದಲ್ಲಿ ಬ್ರೆಕನ್‌ರಿಜ್‌ನ 2,900 ಮೀಟರಿಗೆ ಏರಿಸಿದರೆ ಅರ್ಧ ಜನಕ್ಕೆ ತಲೆ ಸುತ್ತುತ್ತದೆ. ಅಂಥವರಿಗೆ ಅಂಗಡಿಯಲ್ಲಿ ಡಬ್ಬಿಯ ಆಮ್ಲಜನಕ ಸಿಗುತ್ತದೆ, ಭಾವನ ಕೋಣೆಯಲ್ಲಿ ನಿಂಬೆಹಣ್ಣಿನ ಸಾರು. ಸಾರಿಗೇ ಸಾಲು ಉದ್ದವಂತೆ.

ಒಂದು ರಾತ್ರಿ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಭಾವ, ಬೇಜಾರು ಮಾಡ್ಕೋಬೇಡಿ. ಹಿಮವೇ ಇಲ್ಲದ ಕಡೆ ಈ ಕ್ಲಬ್ಬು ಯಾಕೆ?"

ಅವರಿಗೆ ಬೇಜಾರಾಗಲಿಲ್ಲ. ಬೊಲಿವಿಯಾದ ಕಥೆ ಹೇಳಿದರು. ಲಾ ಪಾಜ್ ನಗರದ ಹತ್ತಿರ ಚಕಲ್ತಾಯ ಅಂತ ಬೆಟ್ಟ, ಉಷ್ಣವಲಯದ ಒಳಗೇ. ನಮ್ಮ ವಿಜಯಪುರ ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದಕ್ಷಿಣಕ್ಕೆ. ಐದು ಸಾವಿರ ಮೀಟರಿಗೂ ಮೇಲಿದ್ದ ಅಲ್ಲಿನ ಹಿಮನದಿಯ ಮೇಲೆ ಆ ಊರಿನ ಕ್ಲಬ್ಬಿನವರು 1930ರ ದಶಕದ ಕೊನೆಯಿಂದ ಸ್ಕೀ ಮಾಡುತ್ತಿದ್ದರು. ಹಿಮನದಿ ವರ್ಷ ವರ್ಷ ಕರಗಿ 2009ರಲ್ಲಿ ಪೂರ್ತಿ ಹೋಯಿತು.

"ಹಿಮ ಹೋಯ್ತು. ಆದ್ರೆ ಕ್ಲಬ್ಬಿನವರ ಕಟ್ಟಡ ಬೆಟ್ಟದ ಮೇಲೆ ಇನ್ನೂ ನಿಂತಿದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಊಟದ ವ್ಯವಸ್ಥೆ ಹೇಗಿತ್ತೋ" ಅಂದರು.

ನಾನು ಊರಿಗೆ ಬಂದೆ. 2025ರ ಜನವರಿ 21ರಂದು ಸುದ್ದಿ ನೋಡಿ ದಂಗಾದೆ. ಫ್ಲಾರಿಡಾದಲ್ಲಿ ಹಿಮ! ವಾಯವ್ಯ ಮೂಲೆಯ ಪೆನ್ಸಕೋಲದಲ್ಲಿ ಗೇಣುದ್ದ, ಕಡಲ ದಂಡೆಯ ಮರಳೂ ಕಾಣದ ಹಾಗೆ. ಆ ರಾಜ್ಯದಲ್ಲಿ ಹಿಂದೆ ಯಾವತ್ತೂ ಅಷ್ಟು ಬಿದ್ದಿರಲಿಲ್ಲ. ಕೂಡಲೇ ಫೋನು ಮಾಡಿದೆ. ಭಾವ ಗ್ಯಾಸ್‌ಪರಿಲ್ಲ ಮೆರವಣಿಗೆಗೆ ಮಣಿಸರದ ಸಿಕ್ಕು ಬಿಡಿಸುತ್ತಾ ಕೂತಿದ್ದರು.

"ಭಾವ, ಹೊರಡ್ಲಿಲ್ವಾ? ಏಳು ಗಂಟೆ ದಾರಿ ಅಷ್ಟೇ ಅಲ್ವಾ?"

"ಹಾಗೆಲ್ಲ ಏಕಾಏಕಿ ಹೊರಡೋಕಾಗುತ್ತೇನಪ್ಪ? ಹೈವೇ ಮುಚ್ಚಿದಾರೆ. ಶನಿವಾರ ಮೆರವಣಿಗೆ ಇದೆ. ಭಾನುವಾರ ಇಟ್ಕೊಂಡಿದೀನಿ, ಹೆಸರು ಕೊಡಿ ಅಂತ ಎಲ್ಲರಿಗೂ ಕಳಿಸಿದೀನಿ. ಯಾರು ಏನು ತರಬೇಕು ಅಂತ ಪಟ್ಟಿ ಆಗ್ಬೇಕು."

ಭಾನುವಾರದ ಹೊತ್ತಿಗೆ ಹಿಮ ಕರಗಿತ್ತು. ಪಟ್ಟಿ ಮಾತ್ರ ತುಂಬಿತ್ತು, ಅಡುಗೆಯೂ ಆಗಿತ್ತು. ಪೆನ್ಸಕೋಲ ಬಿಟ್ಟು ಎಲ್ಲರೂ ಅಕ್ಕನ ಮನೆಯ ಹಿಂಜಗಲಿಯಲ್ಲೇ ಸೇರಿದರಂತೆ. ಸೋಮವಾರ ಭಾವ ತಾವಾಗಿಯೇ ಫೋನು ಮಾಡಿದರು, ದನಿಯಲ್ಲಿ ಗಣಪತಿ ಬಿಟ್ಟು ಬಂದ ರಾತ್ರಿಯ ಖುಷಿ.

"ನಲವತ್ತೊಂದು ಜನ ಬಂದಿದ್ರು ಕಣಪ್ಪ! ಹಿಮ ಇದ್ದಿದ್ರೆ ಚಳಿ ಅಂತ ಅರ್ಧ ಜನ ಬರ್ತಿರಲಿಲ್ಲ."